ಒಂದು ಮನೆಗೆ ಎರಡು ಥರ್ಮೋಸ್ಟಾಟ್ ಯಾಕೆ?

ಸಂಪಾದಕರೇ,

ನ್ಯೂಜೆರ್ಸಿ ಕಡೆ ಹಳೇ ಮನೆ ತಗೊಂಡಿರೋ ನಮ್ಮೋರು ನಿಮ್ಮ ಪೇಪರ್ ಆನ್‌ಲೈನಲ್ಲಿ ಓದ್ತಾರೆ, ಅವರಿಗೋಸ್ಕರ ಈ ಪತ್ರ. ಇಲ್ಲಿ ಎಷ್ಟೋ ಮನೇಲಿ ಮನೆ ಬಿಸಿ ಮಾಡೋ ಬಾಯ್ಲರ್ ಮೊದಲಿಂದ ಇರುತ್ತೆ, ಸೆಂಟ್ರಲ್ ಎಸಿ ಆಮೇಲೆ ಹಾಕ್ಸಿರ್ತಾರೆ, ಹಾಗಾಗಿ ಗೋಡೆ ಮೇಲೆ ಎರಡು ಥರ್ಮೋಸ್ಟಾಟ್ (ಮನೆ ಎಷ್ಟು ಬಿಸಿ, ಎಷ್ಟು ತಂಪು ಅಂತ ಹತೋಟಿ ಮಾಡೋ ಸ್ವಿಚ್). ಊರಿಂದ ಬಂದ ಅತ್ತೆ ಒಂದರಲ್ಲಿ ಹೀಟ್ 74 ಫ್ಯಾರನ್‌ಹೀಟ್‌ಗೆ ಏರಿಸ್ತಾರೆ, ಮಕ್ಕಳು ಇನ್ನೊಂದರಲ್ಲಿ ಎಸಿ 70ಕ್ಕೆ ಇಳಿಸ್ತಾರೆ, ಎರಡೂ ಜಿದ್ದಿಗೆ ಬಿದ್ದು ಓಡ್ತಿರುತ್ತೆ, ಬಿಲ್ ಮಾತ್ರ ನಮ್ಮ ತಲೆಗೆ!

ಹೀಟ್, ಎಸಿ ಎರಡನ್ನೂ ಒಂದೇ ಥರ್ಮೋಸ್ಟಾಟ್‌ಗೆ ಸೇರಿಸ್ಬಹುದು, ಆದ್ರೆ ಯೂಟ್ಯೂಬ್ ನೋಡ್ಕೊಂಡು ವೈರೆಲ್ಲಾ ಒಟ್ಟಿಗೆ ಸುತ್ತಿಬಿಡೋದಲ್ಲ. ಸಾಮಾನ್ಯವಾಗಿ ಬಾಯ್ಲರ್‌ಗೊಂದು ಎಸಿಗೊಂದು 24 ವೋಲ್ಟ್ ಟ್ರಾನ್ಸ್‌ಫಾರ್ಮರ್ ಬೇರೆ ಬೇರೆ ಇರುತ್ತೆ, ಅದಕ್ಕೇ ಆರ್‌ಎಚ್ (ಹೀಟ್ ಕಡೆ ಕರೆಂಟ್‌ಗೆ), ಆರ್‌ಸಿ (ಎಸಿ ಕಡೆ ಕರೆಂಟ್‌ಗೆ) ಅಂತ ಎರಡು ಟರ್ಮಿನಲ್ ಇರೋ ಥರ್ಮೋಸ್ಟಾಟನ್ನೇ ತಗೋಬೇಕು, ಅವೆರಡರ ನಡುವೆ ಸಣ್ಣ ಜಂಪರ್ ತಂತಿ ಇದ್ರೆ ಕಿತ್ತಾಕ್ಬೇಕು, ಇಲ್ಲಾಂದ್ರೆ ಟ್ರಾನ್ಸ್‌ಫಾರ್ಮರ್ ಸುಟ್ಟೋಗ್ಬಹುದು. ಒಂದೇ ಆರ್ ಇರೋ ಮಾಡೆಲ್‌ಗೆ ಎರಡೂ ಕರೆಂಟ್ ಬೇರೆ ಬೇರೆ ಇಡೋ ರಿಲೇ ಅನ್ನೋ ಸ್ವಿಚ್ ಒಂದು ಬೇಕಾಗುತ್ತೆ.

ಗೋಡೆ ಬುಡದಲ್ಲಿ ಕೂರಿಸಿರೋ ಕರೆಂಟ್ ಬೇಸ್‌ಬೋರ್ಡ್ ಹೀಟರ್ ಇರೋರು ಇದಕ್ಕೆ ಕೈ ಹಾಕ್ಲೇಬೇಡಿ, ಅಲ್ಲಿ ಸಾಮಾನ್ಯವಾಗಿ ಬರೋದು 240 ವೋಲ್ಟ್, ಎಲೆಕ್ಟ್ರಿಷಿಯನ್‌ನೇ ಕರೀರಿ.

– ಒಬ್ಬ ಓದುಗ, ನ್ಯೂಜೆರ್ಸಿ