ಗೆಳೆಯಾ, ಅಚ್ಚು ನನ್ನ ಬಳಿಯಿದೆ

ದಾವಣಗೆರೆ
ಡಿಸೆಂಬರ್ 27, ರಾತ್ರಿ

ಪ್ರೀತಿಯ ಗೆಳೆಯಾ,

ಮನೆಯಲ್ಲಿ ಇನ್ನೂ ಕರಿದ ಎಣ್ಣೆಯ ವಾಸನೆ, ಜೊತೆಗೆ ಏಲಕ್ಕಿಯದು. ಮೂರು ದಿನದಿಂದ ಕಿಟಕಿ ತೆರೆದೇ ಇಟ್ಟಿದ್ದೇವೆ, ಹೋಗಿಲ್ಲ. ಈ ಸಲ ಕ್ರಿಸ್‌ಮಸ್‌ಗೆ ನಿನ್ನ ಅಮ್ಮನ ಗುಲಾಬಿ ಹೂವಿನ ತಿಂಡಿಯ ಅಚ್ಚನ್ನು ಎಣ್ಣೆಗಿಳಿಸಿದೆ. ಫೋನಿನಲ್ಲಿ ಹೇಳಿ ಮುಗಿಸುವ ಸುದ್ದಿ ಇದಲ್ಲ ಅನ್ನಿಸಿತು, ಅದಕ್ಕೇ ಪತ್ರ. ನಮ್ಮ ಓಣಿಯಲ್ಲಿ ಬೆಳೆದು ಬೇರೆ ಬೇರೆ ಊರು ಸೇರಿದವರೂ ಓದಲಿ ಎಂದು ಎಲ್ಲರ ಕಣ್ಣಿಗೆ ಬೀಳುವಂತೆ ಬರೆಯುತ್ತಿದ್ದೇನೆ. ನೀನು ಬೇಸರ ಮಾಡಿಕೊಳ್ಳುವುದಿಲ್ಲ ಎಂದು ಬಲ್ಲೆ.

ಇದು ಶುರುವಾದದ್ದು ನಿನ್ನಿಂದಲೇ. ಕಳೆದ ಡಿಸೆಂಬರ್‌ನಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಿಂದ ಒಂದು ತಗಡಿನ ಡಬ್ಬಿ ಕಳಿಸಿದ್ದೆಯಲ್ಲ, ಒಳಗೆ ಆ ಊರಿನ ಮಸಾಲೆ ಬಿಸ್ಕತ್ತು, ಲೆಬ್‌ಕೂಖೆನ್. ಜೇನು, ಬಾದಾಮಿ, ದಾಲ್ಚಿನ್ನಿ, ಲವಂಗ. ಅಡಿಯಲ್ಲಿ, ಚರ್ಚಿನಲ್ಲಿ ಪ್ರಸಾದವಾಗಿ ಕೊಡುವ ಅಪ್ಪದಷ್ಟೇ ತೆಳುವಾದ ಬಿಳಿ ಹಾಳೆ. ಡಬ್ಬಿಯ ಮುಚ್ಚಳಕ್ಕೆ ನೀನು ಅಂಟಿಸಿದ್ದ ಚೀಟಿ ಈಗಲೂ ನನ್ನ ಮೇಜಿನ ಮೇಲಿದೆ: "ಇದರಲ್ಲಿ ಮೊಟ್ಟೆ ಇದೆ. ಅವ್ವನಿಗೆ ಮೊದಲೇ ಹೇಳು." ಸುಮಾರು 7,000 ಕಿಲೋಮೀಟರ್ ಆಚೆ ಕುಳಿತು ಡಬ್ಬಿ ಕಟ್ಟುವಾಗ ನಿನಗೆ ನನ್ನ ಅವ್ವನ ಊಟದ ನೇಮ ನೆನಪಾಯಿತು. ಇದನ್ನು ನಿನಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಎಲ್ಲಿಂದ ಬಂತು ಎಂಬುದು ನನಗೆ ಈ ತಿಂಗಳು ಗೊತ್ತಾಯಿತು.

ಮನೆ ಖಾಲಿ ಮಾಡುವಾಗ ನೀನು ನನ್ನ ಕೈಗೆ ಒಂದು ರಟ್ಟಿನ ಪೆಟ್ಟಿಗೆ ಕೊಟ್ಟು, "ಒಯ್ಯಲೂ ಆರೆ, ಎಸೆಯಲೂ ಆರೆ" ಎಂದಿದ್ದೆ. ಅದನ್ನು ಅಟ್ಟದಿಂದ ಇಳಿಸಿದೆ. ಉದ್ದ ಹಿಡಿಯ ಹಿತ್ತಾಳೆಯ ಅಚ್ಚು, ಎರಡು ಮುಳ್ಳುಚಮಚ, ಹಲ್ಲು ಮುರಿಯದ ಒಂದು ಬಾಚಣಿಗೆ, ಮತ್ತೆ ಆ ನೋಟ್ ಪುಸ್ತಕ. ಮೊದಲ ಪುಟದಲ್ಲಿ ಅಮ್ಮನ ದುಂಡು ಅಕ್ಷರದಲ್ಲಿ ವಿಳಾಸ: ದಾವಣಗೆರೆ, ಚಿತ್ರದುರ್ಗ ಜಿಲ್ಲೆ. ಅಂದರೆ 1997ಕ್ಕೂ ಹಿಂದಿನದು, ನಮ್ಮೂರು ಇನ್ನೂ ತಾಲ್ಲೂಕು ಕೇಂದ್ರವಾಗಿದ್ದ ಕಾಲದ್ದು. ಒಳಗೆ ಇರುವುದೆಲ್ಲ ಕೊಂಕಣಿ, ಆದರೆ ಮಂಗಳೂರಿನವರ ರೂಢಿಯಂತೆ ಕನ್ನಡ ಲಿಪಿಯಲ್ಲಿ. ಓದಲು ಬರುತ್ತದೆ, ಅರ್ಥ ಅರ್ಧಂಬರ್ಧ. ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳು, ಎಂಬ ದೊಡ್ಡ ತಲೆಬರಹ, ಅದರ ಕೆಳಗೆ ಕಿಡಿಯೊ, ನೆವ್ರಿ, ಕೊಕ್ಕಿಸಾಂ. ನಮ್ಮ ಬಾಯಲ್ಲಿ ಅವು ಕಲಕಲ, ಕರ್ಜಿಕಾಯಿ, ಗುಲಾಬಿ ಹೂವು.

ಕೊಕ್ಕಿಸಾಂ ಪುಟದಲ್ಲಿ ಎರಡು ಅಳತೆಗಳಿವೆ. ಮೊದಲನೆಯದಕ್ಕೆ 2 ಲೋಟ ಅಕ್ಕಿ ಹಿಟ್ಟು, ಅರ್ಧ ಲೋಟ ಮೈದಾ, 2 ಮೊಟ್ಟೆ, ಮುಕ್ಕಾಲು ಲೋಟ ಸಕ್ಕರೆ, ತೆಂಗಿನ ಹಾಲು, ಕರಿ ಎಳ್ಳು. ಅದರ ಕೆಳಗೆ ಗೆರೆ ಎಳೆದು ಇನ್ನೊಂದು. ಅದರಲ್ಲಿ ಮೊಟ್ಟೆ ಇಲ್ಲ, ಮೈದಾ 1 ಲೋಟ. ಮೇಲೆ ಎರಡೇ ಪದ, ಕನ್ನಡದಲ್ಲಿ: "ಪಕ್ಕದ ಮನೆಗೆ." ಅಂಚಿನಲ್ಲಿ ಮತ್ತೊಂದು ಸಾಲು: "ಮೊದಲು ಇದು. ಹೊಸ ಎಣ್ಣೆ. ಆಮೇಲೆ ನಮ್ಮದು."

ಆ ಪಕ್ಕದ ಮನೆ ನಮ್ಮದು. ನಾನು ಮೂರನೆಯ ತರಗತಿಯಿಂದ ನಿಮ್ಮ ಮನೆಯ ಗುಲಾಬಿ ಹೂವು ತಿಂದವನು. ಲಿಂಗ ಕಟ್ಟಿಕೊಂಡ ನನ್ನ ಅಜ್ಜಿ, ಹೊರಗೆ ನೀರು ಕುಡಿಯಲೂ ಹತ್ತು ಸಲ ಯೋಚಿಸುವವಳು, ನಿನ್ನ ಅಮ್ಮ ಕಳಿಸಿದ ಡಬ್ಬಿಯಿಂದ ಮಾತ್ರ ಕೈಯಾರೆ ತೆಗೆದು ತಿನ್ನುತ್ತಿದ್ದಳು. ಎಷ್ಟೋ ಡಿಸೆಂಬರ್ ತಿಂಗಳುಗಳಲ್ಲಿ ಒಮ್ಮೆಯೂ ನಿನ್ನ ಅಮ್ಮ "ನಿಮಗಾಗಿ ಬೇರೆ ಮಾಡಿದ್ದೇನೆ" ಎಂದು ಹೇಳಲಿಲ್ಲ. ನಾನು ನೋಟ್ ಪುಸ್ತಕ ಹಿಡಿದುಕೊಂಡು ಅವ್ವನ ಬಳಿ ಹೋಗಿ, "ನಿನಗೆ ಗೊತ್ತಿತ್ತೇ?" ಎಂದು ಕೇಳಿದೆ. ಅವ್ವ ಪುಟವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. "ಅವಳು ಕೊಟ್ಟದ್ದನ್ನು ನಾವು ಯಾವತ್ತೂ ಕೇಳಿ ತಿಂದವರಲ್ಲ" ಎಂದಳು. ಆಮೇಲೆ, "ಎಣ್ಣೆ ಕೂಡ ಹೊಸದೇ?" ಎಂದು ತನಗೆ ತಾನೇ ಕೇಳಿಕೊಂಡಳು.

ಎಣ್ಣೆಯ ಮಾತು ನೀನು ಅಡುಗೆ ಮಾಡುವವನಾದ್ದರಿಂದ ನಿನಗೆ ತಿಳಿಯುತ್ತದೆ. ಮೊಟ್ಟೆಯ ಹಿಟ್ಟನ್ನು ಮೊದಲು ಕರಿದರೆ ಅದೇ ಬಾಣಲೆಯಲ್ಲಿ ನಮ್ಮದನ್ನು ಕರಿಯುವಂತಿಲ್ಲ. ಆದ್ದರಿಂದ ಬೆಳಿಗ್ಗೆ ನಮ್ಮದು, ಮಧ್ಯಾಹ್ನ ನಿಮ್ಮದು. ನಿಮ್ಮ ಮನೆಯ ಹಬ್ಬದ ತಿಂಡಿ ನಮ್ಮ ಪಾಲು ಕರಿದ ಎಣ್ಣೆಯಲ್ಲಿ ಬೇಯುತ್ತಿತ್ತು.

ಕೇಕಿನ ಕಥೆಯೂ ಅದೇ ಪುಸ್ತಕದಲ್ಲಿದೆ. ಒಣದ್ರಾಕ್ಷಿ, ಚೆರ್ರಿ, ಕಿತ್ತಳೆ ಸಿಪ್ಪೆಯನ್ನು ರಮ್‌ನಲ್ಲಿ ವಾರಗಟ್ಟಲೆ ನೆನೆಸುವುದು ಕ್ರಿಸ್‌ಮಸ್ ಕೇಕಿನ ಹಳೆಯ ರೂಢಿ. ಅಮ್ಮನ ಪುಟದಲ್ಲಿ ರಮ್ ಎಂಬ ಪದದ ಮೇಲೆ ಅಡ್ಡ ಗೆರೆ, ಪಕ್ಕದಲ್ಲಿ ಕಿತ್ತಳೆ ರಸ. ಮದ್ಯ ಮುಟ್ಟದ ಮಂಡಕ್ಕಿ ಭಟ್ಟಿಯ ಮನೆಯವರಿಗಾಗಿ ಎಂದು ಬೇರೆ ಹೇಳಬೇಕಿಲ್ಲ. ಓವನ್ ಇಲ್ಲದ ಆ ದಿನಗಳಲ್ಲಿ ದೊಡ್ಡ ಪಾತ್ರೆಗೆ ಮರಳು ತುಂಬಿ, ನಡುವೆ ಕೇಕಿನ ಡಬ್ಬಿ ಹೂತು, ಮುಚ್ಚಳದ ಮೇಲೆ ಕೆಂಡ ಹರಡಿ ಬೇಯಿಸುತ್ತಿದ್ದರಲ್ಲ, ಆ ಮರಳನ್ನು ಕೊಡುತ್ತಿದ್ದವರು ಅವರೇ. ಅಕ್ಕಿಯನ್ನು ಅರಳಿಸಿ ಅರಳಿಸಿ ಕಪ್ಪಾದ, ಕೈಯಲ್ಲಿ ಹಿಡಿದರೆ ನೀರಿನಂತೆ ಜಾರುವ ನುಣ್ಣನೆಯ ಮರಳು. ಕೇಕು ಸಮನಾಗಿ ಬೇಯುವುದು ಆ ಮರಳಿನಿಂದಲೇ ಎಂದು ಅಮ್ಮ ಹೇಳುತ್ತಿದ್ದರು. ಮೊಟ್ಟೆ ಇರುವ ಆ ಕೇಕನ್ನು ನಾನು ನಿಮ್ಮ ಅಡುಗೆಮನೆಯಲ್ಲಿ ನಿಂತು ಎಷ್ಟು ಬೇಡಿದರೂ ಕೊಡುತ್ತಿರಲಿಲ್ಲ. "ಮೊದಲು ನಿನ್ನ ಅವ್ವನನ್ನು ಕೇಳಿಕೊಂಡು ಬಾ." ಆಗ ಎಷ್ಟು ಸಿಟ್ಟು ಬರುತ್ತಿತ್ತು!

ಈಗ ಮಾಡಿದ್ದನ್ನು ಹೇಳುತ್ತೇನೆ, ನಿನ್ನ ಮಗಳಿಗೆ ಉಪಯೋಗವಾಗಲಿ.

ಅಚ್ಚು ಕಿಲುಬು ಹಿಡಿದಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದೆ, ಚಿನ್ನದಂತೆ ಹೊಳೆಯಿತು. ತಪ್ಪಾದದ್ದು ಅಲ್ಲಿಯೇ. ವರ್ಷಗಟ್ಟಲೆ ಎಣ್ಣೆ ಕುಡಿದು ಪಳಗಿದ ಮೈಯನ್ನೇ ನಾನು ತಿಕ್ಕಿ ತೆಗೆದಿದ್ದೆ. ಮೊದಲ ಹತ್ತು ಹೂವುಗಳು ಅಚ್ಚನ್ನು ಬಿಟ್ಟು ಬರಲೇ ಇಲ್ಲ, ಕಡ್ಡಿಯಿಂದ ಕೆರೆದು ತೆಗೆಯಬೇಕಾಯಿತು. ಆ ರಾತ್ರಿ ಅಚ್ಚನ್ನು ಅಕ್ಕಿಯ ಗಂಜಿಯಲ್ಲಿ ನೆನೆಹಾಕಿದೆ. ಮರುದಿನ ಒರೆಸಿ, ಎಣ್ಣೆಯಲ್ಲಿ ಮುಳುಗಿಸಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕಾಯಿಸಿದೆ. ಆಮೇಲೆ ಒಲಿಯಿತು.

ಅಕ್ಕಿ ಹಳೆಯದೇ ಇರಲಿ. ಭದ್ರಾ ನಾಲೆಯ ಕಡೆಯಿಂದ ಡಿಸೆಂಬರ್‌ನಲ್ಲಿ ಬರುವ ಹೊಸ ಅಕ್ಕಿ ಅಂಟು. ನೆನೆಸಿ, ನೆರಳಿನಲ್ಲಿ ಬಟ್ಟೆಯ ಮೇಲೆ ಒಣಗಿಸಿ ಗಿರಣಿಗೆ ಒಯ್ದೆ. ತೆಂಗಿನ ಹಾಲಿನ ಅಳತೆಯನ್ನು ಅಮ್ಮ ಬರೆದಿಲ್ಲ, ಕಣ್ಣಳತೆ. ನನಗೆ ಮೊಟ್ಟೆ ಇಲ್ಲದ ಹಿಟ್ಟಿಗೆ ಎರಡೂಕಾಲು ಲೋಟ ಹಿಡಿಯಿತು. ಸೌಟಿನ ಬೆನ್ನಿಗೆ ತೆಳುವಾಗಿ ಅಂಟಿ ನಿಲ್ಲಬೇಕು, ನೀರುದೋಸೆಯ ಹಿಟ್ಟಿಗಿಂತ ಒಂದಿಷ್ಟು ಗಟ್ಟಿ. ಒಂದು ಗಂಟೆ ಬಿಡು. ಪ್ರತಿ ಸಲ ಅದ್ದುವ ಮುನ್ನ ಕಲಕು, ಅಕ್ಕಿ ಹಿಟ್ಟು ತಳಕ್ಕೆ ಕೂರುತ್ತದೆ.

ಇನ್ನು ಕೈಯ ಕೆಲಸ. ಅಚ್ಚು ಸದಾ ಬಾಣಲೆಯೊಳಗೇ ಇದ್ದು ಕಾಯುತ್ತಿರಬೇಕು. ಎತ್ತಿ, ಮಡಿಸಿದ ಬಟ್ಟೆಗೆ ಒಮ್ಮೆ ಮುಟ್ಟಿಸಿ ಎಣ್ಣೆ ಇಳಿಸಿ, ಹಿಟ್ಟಿಗೆ ಅದ್ದು. ಚುಂಯ್ ಎಂಬ ಸಣ್ಣ ಸದ್ದು ಕೇಳಬೇಕು. ಸದ್ದಿಲ್ಲದಿದ್ದರೆ ಅಚ್ಚು ತಣ್ಣಗಿದೆ, ಹಿಟ್ಟು ಹಿಡಿಯುವುದಿಲ್ಲ. ಸದ್ದು ಜೋರಾದರೆ ಕಾವು ಹೆಚ್ಚಿದೆ, ಹಿಟ್ಟು ಬೆಂದು ಪಾತ್ರೆಯಲ್ಲೇ ಕಳಚಿಕೊಳ್ಳುತ್ತದೆ. ಮುಕ್ಕಾಲು ಭಾಗ ಮಾತ್ರ ಮುಳುಗಲಿ. ಹಿಟ್ಟು ಅಚ್ಚಿನ ತಲೆಯ ಮೇಲೆ ಹತ್ತಿದರೆ ಹೂವು ಬೀಗ ಹಾಕಿದಂತೆ ಕೂರುತ್ತದೆ. ಮತ್ತೆ ಎಣ್ಣೆಗಿಳಿಸಿ, ನಾಲ್ಕೈದು ಎಣಿಸಿ, ಮೆಲ್ಲನೆ ಅಲುಗಿಸು. ಹೂವು ಅಚ್ಚಿನಿಂದ ಬಿಡಿಸಿಕೊಂಡು ತೇಲಿ ಬರುವ ಆ ಕ್ಷಣಕ್ಕೆ ನಾನೂ ನೀನೂ ಒಲೆಯ ಮುಂದೆ ಉಸಿರು ಬಿಗಿಹಿಡಿದು ಕಾಯುತ್ತಿದ್ದೆವು. ಈ ಸಲ ನನ್ನ ಮಗಳು ಕಾದಳು. ಮೊದಲನೆಯದು ತೇಲಿದಾಗ ಅವಳು ಚಪ್ಪಾಳೆ ತಟ್ಟಿದ್ದನ್ನು ಕೇಳಿ ಅವ್ವ ಪಡಸಾಲೆಯಿಂದ ಎದ್ದು ಬಂದಳು. ಒಟ್ಟು 60ರ ಹತ್ತಿರ ಆದವು. ಮೊಟ್ಟೆ ಇಲ್ಲದವು ಸ್ವಲ್ಪ ನಾಜೂಕು, ಒಯ್ಯುವಾಗ ದಳ ಮುರಿಯುತ್ತವೆ. ಅಮ್ಮ ನಮ್ಮ ಮನೆಯ ಡಬ್ಬಿಗೆ ಮಾತ್ರ ಪದರ ಪದರಕ್ಕೂ ಕಾಗದ ಹಾಕುತ್ತಿದ್ದುದು ಏಕೆಂದು ಈಗ ತಿಳಿಯಿತು.

ಬೆಣ್ಣೆ ಬಿಸ್ಕತ್ತನ್ನೂ ಮಾಡಿದೆ. ದೋಸೆಗೆ ಹೆಸರಾದ ನಮ್ಮೂರ ಬೆಣ್ಣೆ, ಮಾರುಕಟ್ಟೆಯಿಂದ ತಂದ ಬಿಳಿ ಉಂಡೆ. ಅದರಲ್ಲಿ ಮಜ್ಜಿಗೆಯ ನೀರು ಉಳಿದಿರುತ್ತದೆ. ಹಾಗೆಯೇ ಸಕ್ಕರೆ ಪುಡಿಯೊಂದಿಗೆ ನಾದಿದ್ದರಿಂದ ಮೊದಲ ತಟ್ಟೆಯ ಬಿಸ್ಕತ್ತುಗಳೆಲ್ಲ ಓವನ್ನಿನಲ್ಲಿ ಹರಡಿ ಒಂದಕ್ಕೊಂದು ಕೂಡಿಕೊಂಡವು. ಎರಡನೆಯ ಸಲ ತಣ್ಣೀರಿನಲ್ಲಿ ಮೂರು ಬಾರಿ ತೊಳೆದು, ಹಿಂಡಿ, ಬಟ್ಟೆಯಲ್ಲಿ ಒತ್ತಿದ ಮೇಲೆ ಸರಿಹೋಯಿತು. ಕಲಕಲವನ್ನು ಮಕ್ಕಳಿಗೆ ಬಿಟ್ಟೆ. ಓಣಿಯ ಏಳು ಮಕ್ಕಳು ಚಾಪೆಯ ಮೇಲೆ ಸುತ್ತ ಕುಳಿತು ಬಾಚಣಿಗೆಯ ಹಲ್ಲಿನ ಮೇಲೆ ಹಿಟ್ಟು ಒತ್ತಿ ಸುರುಳಿ ಸುತ್ತಿದರು. ಕರ್ಜಿಕಾಯಿ ಅವ್ವನದು. ಒಳಗಿನ ಹೂರಣಕ್ಕೆ ಹುರಿಗಡಲೆ ಪುಡಿ, ಕೊಬ್ಬರಿ, ಗಸಗಸೆ, ಬೆಲ್ಲ. ನಿನ್ನ ಅಮ್ಮನ ನೆವ್ರಿ ಪುಟದಲ್ಲೂ ಹುರಿಗಡಲೆ ಇದೆ, ಪಕ್ಕದಲ್ಲಿ "ಅಜ್ಜಿ ಹೇಳಿದ್ದು" ಎಂದು ಬರೆದಿದೆ. ಆ ಅಜ್ಜಿ ನನ್ನ ಅಜ್ಜಿಯೇ ಇರಬೇಕು.

24ರ ಸಂಜೆ ಡಬ್ಬಿಗಳನ್ನು ಹೊತ್ತು ಹೊರಟೆ. ಅಮ್ಮ ಹೋಗುತ್ತಿದ್ದ ಮನೆಗಳಿಗೇ ಹೋದೆ, ಅದೇ ಕ್ರಮದಲ್ಲಿ. ಮೂರು ಮನೆಗಳಲ್ಲಿ ಈಗ ಬೇರೆಯವರಿದ್ದಾರೆ, ಅಲ್ಲಿಗೂ ಕೊಟ್ಟೆ. ಹೊಸದಾಗಿ ಬಂದವರೊಬ್ಬರು, "ನಿಮ್ಮದು ಯಾವ ಹಬ್ಬ?" ಎಂದು ಕೇಳಿದರು. "ನಮ್ಮ ಪಕ್ಕದ ಮನೆಯವರದು" ಎಂದೆ. ಮಂಡಕ್ಕಿ ಭಟ್ಟಿಯ ಮನೆಯ ಹಿರಿಯ ಮಗ ಡಬ್ಬಿ ತೆರೆದವನು ಗುಲಾಬಿ ಹೂವನ್ನು ಅಂಗೈ ಮೇಲೆ ಇಟ್ಟುಕೊಂಡು ಸುಮ್ಮನೆ ನಿಂತ. ಅವನಿಗೂ ಮಾತು ಹೊರಡಲಿಲ್ಲ, ನನಗೂ. ಆಮೇಲೆ ಒಳಗೆ ಹೋಗಿ ಅದೇ ಡಬ್ಬಿಯ ತುಂಬ ಬಿಸಿ ಮಂಡಕ್ಕಿ ತಂದುಕೊಟ್ಟ. ನಮ್ಮ ಓಣಿಯಲ್ಲಿ ಡಬ್ಬಿ ಬರಿದಾಗಿ ಹಿಂದಿರುಗಿದ್ದನ್ನು ನೀನು ನೋಡಿದ್ದೀಯಾ? ಏನೂ ಇಲ್ಲದ ದಿನ ತಳದಲ್ಲಿ ಒಂದು ಹಿಡಿ ಸಕ್ಕರೆಯಾದರೂ ಇರುತ್ತಿತ್ತು. ಉಳಿದ ಡಬ್ಬಿಗಳು ಸಂಕ್ರಾಂತಿಗೆ ಎಳ್ಳು ಬೆಲ್ಲ ಹೊತ್ತು ಬರುತ್ತವೆ.

ಕೊನೆಗೆ ಚರ್ಚಿಗೆ ಹೋದೆ. ಗೋದಲಿಯ ಮುಂದೆ ಮಕ್ಕಳ ಗುಂಪು, ರಾತ್ರಿಯ ಬಲಿಪೂಜೆಗೆ ಇನ್ನೂ ಹೊತ್ತಿತ್ತು. ಅಮ್ಮ ಕೂರುತ್ತಿದ್ದ ಕಡೆ, ಎಡಗಡೆಯ ಕಂಬದ ಪಕ್ಕ, ಸ್ವಲ್ಪ ಹೊತ್ತು ಕುಳಿತೆ. ನಾನು ತಿಳಿದುಕೊಂಡೆ ಎಂದು ಅವರಿಗೆ ಹೇಳಬೇಕಿತ್ತು. ಬದುಕಿದ್ದಾಗ ಹೇಳಿದ್ದರೆ "ಅದರಲ್ಲೇನಿದೆ" ಎಂದು ಮಾತು ಬದಲಿಸುತ್ತಿದ್ದರು, ಅದೂ ಗೊತ್ತು.

ನಿನ್ನ ನ್ಯೂರೆಂಬರ್ಗ್ ಡಬ್ಬಿ ಇನ್ನೂ ನನ್ನಲ್ಲೇ ಇದೆ. ತೊಳೆದು, ಒಣಗಿಸಿ, ಪುಸ್ತಕದ ಎರಡು ಪುಟಗಳನ್ನು ನಕಲು ಮಾಡಿ ಒಳಗಿಟ್ಟಿದ್ದೇನೆ. ಕೊಂಕಣಿಯ ಕೆಲವು ಪದಗಳಿಗೆ ಅರ್ಥ ಬಿಟ್ಟಿದ್ದೇನೆ, ನೀನು ತುಂಬಿಸಿ ಮಗಳಿಗೆ ಓದಿ ಹೇಳು. ಅಚ್ಚನ್ನು ಮಾತ್ರ ಅಂಚೆಗೆ ಹಾಕುವುದಿಲ್ಲ. ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿ, ಈ ಸಲ ಅಟ್ಟಕ್ಕೆ ಏರಿಸದೆ ಅಡುಗೆಮನೆಯ ಕಪಾಟಿನಲ್ಲಿಟ್ಟಿದ್ದೇನೆ. ಹುಣಸೆಹಣ್ಣು ಹಾಕಬಾರದು ಎಂದು ಮೇಲೆ ಬರೆದೂ ಇಟ್ಟಿದ್ದೇನೆ. ಮುಂದಿನ ಡಿಸೆಂಬರ್‌ನಲ್ಲಿ ಅವಳ ಶಾಲೆಗೆ ರಜೆ ಯಾವಾಗ ಶುರುವಾಗುತ್ತದೆ, ತಿಳಿಸು. ಅಕ್ಕಿಯನ್ನು ಈಗಲೇ ತಂದು ಹಳೆಯದಾಗಲು ಬಿಡುತ್ತೇನೆ.

ನಿನ್ನ,
ಪಕ್ಕದ ಮನೆಯವನು