ಗೈಡ್ ಕ್ಯಾಪ್ಟನ್ ಆದ ನಮ್ಮ ಅಣ್ಣನ ಮಗಳಿಗೆ

ಗದಗ

ಪ್ರೀತಿಯ ತಂಗೀ, ಕಾಕಾನ ಆಶೀರ್ವಾದ.

ಶಾಲೆಯಲ್ಲಿ ಗೈಡ್ ಕಂಪನಿ, ಅಂದರೆ ಸ್ಕೌಟ್ಸ್-ಗೈಡ್ಸ್‌ನ ಹುಡುಗಿಯರ ದಳ, ನಿನ್ನ ಪಾಲಿಗೆ ಬಂತೆಂದು ವೈನಿ ಫೋನಿನಲ್ಲಿ ಹೇಳಿದರು. "ನಡುವೆ ಇಷ್ಟು ಕಚೇರಿ ಯಾಕೆ, ಬೆಂಗಳೂರಿನ ರಾಜ್ಯ ಸಂಸ್ಥೆಗೇ ಬರೀತೀನಿ" ಅಂತ ನೀನು ಸಿಡಿಮಿಡಿ ಮಾಡಿದ್ದೂ ಗೊತ್ತಾಯಿತು. ಆ ಪತ್ರ ಸ್ವಲ್ಪ ತಡೆ.

ನಾನೂ ಒಮ್ಮೆ ಹಾಗೇ ಮಾಡಿದ್ದೆ. ಸ್ಕೌಟ್ ಹುಡುಗರಿಗೆ ರಾಜ್ಯ ಮಟ್ಟದಲ್ಲಿ ಸಿಗುವ ರಾಜ್ಯ ಪುರಸ್ಕಾರದ ಅರ್ಜಿಗಳನ್ನು ಜಿಲ್ಲೆಗೆ ತೋರಿಸದೆ ಸೀದಾ ಮೇಲೆ ಕಳಿಸಿದೆ. ಜಿಲ್ಲೆಯ ಸಹಿ ಇಲ್ಲವೆಂದು ತಿರುಗಿ ಬಂದವು. ಅಷ್ಟರಲ್ಲಿ ಪರೀಕ್ಷೆಯ ಶಿಬಿರವೇ ಮುಗಿದಿತ್ತು. ಎಂಟು ಹುಡುಗರಿಗೆ ಏನು ಹೇಳೋದು? ತಪ್ಪು ನನ್ನದೇ. ಮಗು 'ಪ್ರವೇಶ' ಅನ್ನೋ ಮೊದಲ ಹಂತದಿಂದ 'ತೃತೀಯ ಸೋಪಾನ' ಅನ್ನೋ ಹಂತದ ತನಕ ನಿಜವಾಗಿ ಹತ್ತಿದೆಯೋ ಇಲ್ಲವೋ ಬೆಂಗಳೂರಿನವರಿಗೆ ಹೇಗೆ ಗೊತ್ತಾಗಬೇಕು? ಹತ್ತಿರದಲ್ಲಿದ್ದು ನೋಡಿದವರು ಸಹಿ ಹಾಕಿದರೇ ಅದಕ್ಕೆ ಬೆಲೆ.

ಸ್ಕೌಟ್ಸ್-ಗೈಡ್ಸ್‌ನ ಮೆಟ್ಟಿಲು ಹೀಗಿವೆ: ದಿಲ್ಲಿಯಲ್ಲಿ ರಾಷ್ಟ್ರೀಯ ಕಚೇರಿ, ಬೆಂಗಳೂರಿನಲ್ಲಿ ರಾಜ್ಯ ಸಂಸ್ಥೆ, ಆಮೇಲೆ ಜಿಲ್ಲಾ ಸಂಸ್ಥೆ, ಅದರ ಕೆಳಗೆ ಸ್ಥಳೀಯ ಸಂಸ್ಥೆ, ಕೊನೆಗೆ ನಿನ್ನ ಶಾಲೆ. ನಿನಗೆ ಮೊದಲ ಬಾಗಿಲು ಸ್ಥಳೀಯ ಸಂಸ್ಥೆಯದು.

ಹುಬ್ಬಳ್ಳಿಯಲ್ಲಿ ಇನ್ನೊಂದು ಗಮ್ಮತ್ತಿದೆ. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಲೆಕ್ಕದಲ್ಲಿ ರೈಲ್ವೆ ವಲಯವೂ ಒಂದು 'ರಾಜ್ಯ'. ನೈಋತ್ಯ ರೈಲ್ವೆಯ ಕೇಂದ್ರ ನಿಮ್ಮೂರಲ್ಲೇ ಇದೆ ನೋಡು. ಹಾಗಾಗಿ ರೈಲ್ವೆ ಕಾಲೊನಿಯ ಮಕ್ಕಳಿಗೆ ರಾಜ್ಯ ಅಂದರೆ ರೈಲ್ವೆ. ನಿನ್ನ ಮಕ್ಕಳಿಗೆ ಕರ್ನಾಟಕ. ಕೇಂದ್ರೀಯ ವಿದ್ಯಾಲಯದವರದೂ ಬೇರೆಯೇ ದಾರಿ. ಅವರ ಸುತ್ತೋಲೆ ನೋಡಿ ಶುಲ್ಕ ಕಟ್ಟಿ ಕೂತೀಯ, ಜೋಕೆ!

ನಮ್ಮ ಕಡೆ ಗಡಿಗಳೂ ಬದಲಾದವು. 1997ರಲ್ಲಿ ಗದಗ, ಹಾವೇರಿ ಬೇರೆ ಜಿಲ್ಲೆಗಳಾದವು. ಅದಕ್ಕೂ ಮೊದಲು ನಾವೆಲ್ಲ ಧಾರವಾಡ ಜಿಲ್ಲೆಯವರೇ. ಗದಗಿನ ಹಳೇ ಮಾಸ್ತರರು ಇವತ್ತಿಗೂ ಬಾಯಿ ತಪ್ಪಿ "ಧಾರವಾಡಕ್ಕೆ ಕೇಳು" ಅಂತಾರೆ.

ಜಿಲ್ಲಾ ಸಂಸ್ಥೆಯ ಆಯುಕ್ತರದು ಗೌರವದ ಹುದ್ದೆ, ಸಂಬಳ ಇಲ್ಲ. ದಿನದ ಕಾಗದಪತ್ರ ನೋಡುವವರು ಸಂಘಟಕರು. ಅದಕ್ಕೇ ಹೇಳೋದು, ಆಯುಕ್ತರ ಜೊತೆ ಫೋಟೊ ತೆಗೆಸಿಕೊಳ್ಳುವ ಮೊದಲು ಸಂಘಟಕರ ಪರಿಚಯ ಮಾಡಿಕೋ. ಕ್ಯಾಪ್ಟನ್‌ಗಳ ತರಬೇತಿ, ಅದೇ ಬೇಸಿಕ್ ಕೋರ್ಸ್, ಯಾವಾಗ ಅಂತ ಅವರನ್ನೇ ಕೇಳು. ಅದು ಮುಗಿಸದೆ ವಾರಂಟ್, ಅಂದರೆ ಕ್ಯಾಪ್ಟನ್ ಅಂತ ನೇಮಕದ ಪತ್ರ, ಸಿಗೋದಿಲ್ಲ.

ಇನ್ನೊಂದು ಮಾತು. ಕಂಪನಿಯಲ್ಲೂ ಒಂದು ಪುಟ್ಟ ಆಡಳಿತ ಇದೆ. ಆರೆಂಟು ಮಕ್ಕಳಿಗೆ ಒಂದು ಪ್ಯಾಟ್ರೋಲ್ ಅನ್ನೋ ಪುಟ್ಟ ತಂಡ, ಅದಕ್ಕೊಬ್ಬಳು ಲೀಡರ್. ಸುಮ್ನೆ ಬ್ಯಾಡ್ಜ್ ಚುಚ್ಚಿ ಬಿಡಬೇಡ. ಹಾಜರಿ, ಹಗ್ಗ, ಅಡುಗೆ ಪಾತ್ರೆ ಅವಳ ಕೈಗೇ ಕೊಡು. ಮೊದಲು ಗೊಂದಲ ಜಾಸ್ತಿ, ಅನ್ನ ಹೊತ್ತುತ್ತದೆ. ಆ ಹೊತ್ತಿದ ಅನ್ನವನ್ನೇ ಅವರ ಜೊತೆ ಕೂತು ಉಣ್ಣು.

ಪಂಚಮಿಗೆ ಬರುವಾಗ ಆ ಪತ್ರ ತಗೊಂಡು ಬಾ. ಇಬ್ಬರೂ ಕೂತು ವಿಳಾಸ ತಿದ್ದೋಣ.

ನಿನ್ನ ಕಾಕಾ