ಚೈನ್ ಕೇಸಿನ ಲೋಹದ ಚೂರು: ಪ್ಲಗ್ ಒರೆಸಿದರೆ ಸಾಲದು

ಮಾನ್ಯರೆ,

ಹಿಮನಾಡಿನಲ್ಲಿ ನೆಲೆಸಿರುವ ಕನ್ನಡಿಗರ ಚಳಿಗಾಲದ ಬದುಕನ್ನು ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಓದಿದೆ. ಹಿಮದ ಮೇಲೆ ಓಡುವ ಎಂಜಿನ್ ಗಾಡಿಯಾದ ಸ್ನೋಮೊಬೈಲಿನ ಸವಾರಿಯ ಸೊಗಸನ್ನು ಅದು ಚೆನ್ನಾಗಿ ಬಣ್ಣಿಸಿದೆ. ಆದರೆ ಹಳೆಯ ಗಾಡಿಯನ್ನು ಕಡಿಮೆ ಬೆಲೆಗೆ ಕೊಂಡು ವರ್ಷಕ್ಕೊಮ್ಮೆ ಚೈನ್ ಕೇಸಿನ ಎಣ್ಣೆ ಬದಲಿಸಿದರೆ ಸಾಕು ಎಂಬ ಅದರ ಸಲಹೆಯನ್ನು, ಅದೇ ಮಾತನ್ನು ನಂಬಿ ಪ್ರಾಣಾಪಾಯದ ಹತ್ತಿರ ಹೋಗಿಬಂದ ನಾನು ಒಪ್ಪಲಾರೆ.

ಎಂಜಿನ್ನಿನ ಶಕ್ತಿ ಮೊದಲು ರಬ್ಬರ್ ಬೆಲ್ಟಿನ ಮೂಲಕ ಮೇಲಿನ ಶಾಫ್ಟಿಗೆ ಬರುತ್ತದೆ. ಅಲ್ಲಿಂದ ಅದನ್ನು ಕೆಳಗಿನ ಶಾಫ್ಟಿಗೆ ಇಳಿಸಿ ಹಿಮದ ಮೇಲೆ ಓಡುವ ಟ್ರ್ಯಾಕನ್ನು (ಚಕ್ರದ ಬದಲಿಗಿರುವ ಅಗಲವಾದ ಪಟ್ಟಿಯನ್ನು) ತಿರುಗಿಸುವುದು ಚೈನ್ ಕೇಸ್ ಎಂಬ ಮುಚ್ಚಿದ ಪೆಟ್ಟಿಗೆಯೊಳಗಿನ ಚೈನು. ಮೇಲಿನ ಚಿಕ್ಕ ಗೇರಿಗೆ ಸುಮಾರು 20 ಹಲ್ಲುಗಳು, ಕೆಳಗಿನ ದೊಡ್ಡದಕ್ಕೆ ಅದರ ಇಮ್ಮಡಿಯಷ್ಟು. ಇಷ್ಟೆಲ್ಲ ಉಕ್ಕು ತಿರುಗುವ ಪೆಟ್ಟಿಗೆಯಲ್ಲಿ ಇರುವ ಎಣ್ಣೆ ಬಹುಪಾಲು ಮಾದರಿಗಳಲ್ಲಿ 250ರಿಂದ 350 ಮಿಲಿಲೀಟರ್ ಮಾತ್ರ, ಮತ್ತು ಅದನ್ನು ಸೋಸುವ ಫಿಲ್ಟರ್ ಇಲ್ಲ. ಎಣ್ಣೆ ಇಳಿಸಲು ಬಿಚ್ಚುವ ಬಿರಡೆಯಾದ ಡ್ರೇನ್ ಪ್ಲಗ್ಗಿನ ತುದಿಯಲ್ಲೋ ಎಣ್ಣೆ ಅಳೆಯುವ ಕಡ್ಡಿಯಲ್ಲೋ ಇರುವ ಪುಟ್ಟ ಅಯಸ್ಕಾಂತವೊಂದೇ ಕಾವಲು. ಸವೆದ ಲೋಹದ ಪುಡಿ ಎಣ್ಣೆಯೊಡನೆ ಸುತ್ತುತ್ತ ಹೋದರೆ, ಹಲ್ಲುಗಳಿಗೆ ರಕ್ಷಣೆ ಕೊಡಬೇಕಾದ ಎಣ್ಣೆಯೇ ಅವುಗಳನ್ನು ಅರದಂತೆ ಉಜ್ಜತೊಡಗುತ್ತದೆ. (2013ರ ಮಾದರಿಯಿಂದ ಪೋಲಾರಿಸ್ ಕಂಪನಿ ಕೆಲವು ಗಾಡಿಗಳಲ್ಲಿ ಚೈನಿನ ಬದಲು ಹಲ್ಲಿನ ಬೆಲ್ಟನ್ನು ತಂದಿದೆ, ಅವುಗಳಿಗೆ ಈ ಮಾತು ಅನ್ವಯಿಸದು.)

ನಾನು ಕೊಂಡ ಗಾಡಿಗೆ ಹತ್ತು ವರ್ಷವಾಗಿತ್ತು. ಮಾರಿದವರು ಪ್ರತಿ ವರ್ಷ ಎಣ್ಣೆ ಬದಲಿಸಿದ್ದಕ್ಕೆ ರಸೀದಿಗಳನ್ನು ತೋರಿಸಿದ್ದರು. ಆ ಶರತ್ಕಾಲದಲ್ಲಿ ನಾನೂ ಪ್ಲಗ್ ಬಿಚ್ಚಿ ಎಣ್ಣೆ ಇಳಿಸಿದೆ. ಅಯಸ್ಕಾಂತದ ಮೇಲೆ ಬೂದುಬಣ್ಣದ ಮಡ್ಡಿಯೂ ಅದರ ನಡುವೆ ಹೊಳೆಯುವ ಎರಡು ಚಕ್ಕೆಗಳೂ ಇದ್ದವು. ಬಟ್ಟೆಯಲ್ಲಿ ಒರೆಸಿ, ಹೊಸ ಎಣ್ಣೆ ತುಂಬಿ, ಪ್ಲಗ್ ಮುಚ್ಚಿಬಿಟ್ಟೆ. ಜನವರಿಯಲ್ಲಿ ಕೆರೆಯ ಕಡೆಗೆ ಇಳಿಯುವ ದಾರಿಯಲ್ಲಿ ಚೈನು ತುಂಡಾಯಿತು. ಬ್ರೇಕ್ ಹಿಡಿದೆ, ಗಾಡಿ ನಿಲ್ಲಲಿಲ್ಲ. ಹಲವು ಮಾದರಿಗಳಲ್ಲಿ ಬ್ರೇಕಿನ ಡಿಸ್ಕ್ ಇರುವುದು ಮೇಲಿನ ಶಾಫ್ಟಿನಲ್ಲಿ. ಬ್ರೇಕಿನ ಹಿಡಿತ ಟ್ರ್ಯಾಕಿಗೆ ತಲುಪಬೇಕಾದರೂ ಅದೇ ಚೈನಿನ ಮೂಲಕವೇ ತಲುಪಬೇಕು ಎಂಬುದು ನನಗೆ ಮನದಟ್ಟಾದದ್ದು ಆ ಇಳಿಜಾರಿನಲ್ಲಿ. ದಾರಿಯ ಬದಿಯ ಆಳವಾದ ಹಿಮಕ್ಕೆ ಗಾಡಿಯನ್ನು ನುಗ್ಗಿಸಿ ನಿಲ್ಲಿಸಿದೆ. ಮುಂದೆ ಮರವಿದ್ದಿದ್ದರೆ ಈ ಪತ್ರ ಬರೆಯಲು ನಾನು ಇರುತ್ತಿರಲಿಲ್ಲ.

ಮನೆಗೆ ಎಳೆದು ತಂದು ಚೈನ್ ಕೇಸಿನ ಮುಚ್ಚಳ ತೆಗೆದಾಗ ತಳದಲ್ಲಿ ಬೆಳ್ಳಿಯಂತೆ ಮಿನುಗುವ ಕೆಸರು ಬೆರಳ ದಪ್ಪಕ್ಕೆ ಕೂತಿತ್ತು. ಪೆಟ್ಟಿಗೆಯನ್ನು ಎರಕ ಹೊಯ್ಯುವುದು ಸಾಮಾನ್ಯವಾಗಿ ಅಲ್ಯೂಮಿನಿಯಂ ಅಥವಾ ಮೆಗ್ನೀಸಿಯಂ ಮಿಶ್ರಲೋಹದಲ್ಲಿ. ಸಡಿಲಗೊಂಡ ಚೈನು ಅದರ ಗೋಡೆಗೆ ಉಜ್ಜಿದಾಗ ಉದುರುವ ಪುಡಿಯಾಗಲಿ, ಚೈನನ್ನು ಒತ್ತಿ ಹಿಡಿಯುವ ಟೆನ್ಷನರಿನ ಪ್ಲಾಸ್ಟಿಕ್ ಚೂರುಗಳಾಗಲಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ವರ್ಷವರ್ಷವೂ ಪ್ಲಗ್ ಒರೆಸಿದರೂ ಅವು ತಳದಲ್ಲೇ ಉಳಿದಿರುತ್ತವೆ. ಕೆಲವು ಹಳೆಯ ಗಾಡಿಗಳಲ್ಲಂತೂ ಡ್ರೇನ್ ಪ್ಲಗ್ಗೇ ಇರುವುದಿಲ್ಲ.

ಆದ್ದರಿಂದ ಒರೆಸುವ ಮೊದಲು ಆ ಮಡ್ಡಿಯನ್ನು ಬೆರಳ ನಡುವೆ ತಿಕ್ಕಿ ನೋಡಬೇಕು. ಕಾಡಿಗೆಯಂತೆ ನುಣುಪಾಗಿದ್ದರೆ ಅದು ಸಹಜ ಸವೆತ. ಚಿರೋಟಿ ರವೆಯಂತೆ ತರಿತರಿಯಾಗಿದ್ದರೆ, ಚಕ್ಕೆಗಳಿದ್ದರೆ, ಗೇರಿನ ಹಲ್ಲಿನ ಮೂಲೆಯೋ ಚೈನಿನ ಕೊಂಡಿಯ ತುಣುಕೋ ಸಿಕ್ಕಿದರೆ, ಅದು ಯಾವುದರಿಂದ ಮುರಿದದ್ದು ಎಂದು ತಿಳಿಯುವವರೆಗೆ ಗಾಡಿಯನ್ನು ಹೊರಗೆ ತೆಗೆಯಬಾರದು. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ.

ಹಳೆಯ ಗಾಡಿ ಕೊಂಡವರು ಮೊದಲ ಸಲವಾದರೂ ಮುಚ್ಚಳ ತೆಗೆದು, ಟೆನ್ಷನರ್ ಸಡಿಲಿಸಿ, ಎರಡೂ ಗೇರುಗಳನ್ನು ಚೈನಿನ ಸಮೇತ ಹೊರಗೆ ತೆಗೆಯಬೇಕು. ವಾಷರುಗಳು ಯಾವ ಕ್ರಮದಲ್ಲಿದ್ದವು ಎಂದು ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಚೈನನ್ನು ಸೀಮೆಎಣ್ಣೆಯ ತಟ್ಟೆಯಲ್ಲಿ ಅದ್ದಿ, ಪ್ರತಿ ಕೊಂಡಿಯನ್ನೂ ಮಡಿಸಿ ಬಿಡಿಸುತ್ತ ಬ್ರಷ್ಷಿನಿಂದ ತೊಳೆಯಬೇಕು, ಏಕೆಂದರೆ ಕೊಂಡಿಗಳ ಪದರಗಳ ನಡುವೆ ಸಿಕ್ಕಿಕೊಂಡ ಪುಡಿ ಮೇಲಿನಿಂದ ಸುರಿದ ದ್ರವಕ್ಕೆ ಬಿಟ್ಟುಬರುವುದಿಲ್ಲ. ಪೆಟ್ಟಿಗೆಯೊಳಗೆ ಗಾಳಿ ಊದಬಾರದು. ಊದಿದರೆ ಚೂರುಗಳು ಗೇರಿನ ಹಿಂದಿರುವ ಬೇರಿಂಗಿನೊಳಗೆ ನುಗ್ಗುತ್ತವೆ. ನೂಲು ಬಿಡದ ಬಟ್ಟೆಯಿಂದ ಮೂಲೆಮೂಲೆಯನ್ನು ಒರೆಸಿ, ಬಟ್ಟೆಯಲ್ಲಿ ಮಿನುಗು ಕಾಣದಾಗುವವರೆಗೂ ಬಟ್ಟೆ ಬದಲಿಸುತ್ತಿರಬೇಕು. ಬೇರಿಂಗುಗಳನ್ನು ಕೈಯಿಂದ ನಿಧಾನವಾಗಿ ತಿರುಗಿಸಿದಾಗ ಒರಟು ತಾಗಿದರೆ ಬದಲಿಸಬೇಕು. ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಚೈನು, ಗೇರು ಎರಡನ್ನೂ ಒಟ್ಟಿಗೇ ಹಾಕಬೇಕು. ಸವೆದ ಗೇರಿನ ಮೇಲೆ ಹೊಸ ಚೈನು ಹಾಕಿದರೆ ಹಣ ದಂಡ. ಮರುಜೋಡಣೆಯಲ್ಲಿ ಮುಚ್ಚಳದ ಸಂದಿನಲ್ಲಿ ಎಣ್ಣೆ ಸೋರದಂತೆ ತಡೆಯುವ ಗ್ಯಾಸ್ಕೆಟ್ಟನ್ನು ಹೊಸದಾಗಿ ಹಾಕಿ, ಚೈನಿನ ಬಿಗಿತವನ್ನು ಆಯಾ ಮಾದರಿಯ ಕೈಪಿಡಿಯಲ್ಲಿ ಹೇಳಿದಷ್ಟೇ ಇಡಬೇಕು. ಇಳಿಸಿದ ಎಣ್ಣೆಯನ್ನು ನೆಲಕ್ಕೆ ಚೆಲ್ಲದೆ ಕೌಂಟಿಯ (ಇಲ್ಲಿನ ಜಿಲ್ಲಾಡಳಿತದ) ಸಂಗ್ರಹ ಕೇಂದ್ರಕ್ಕೆ ಒಪ್ಪಿಸಬೇಕು.

ಅಮೆರಿಕದ ನಮ್ಮ ಮಿನ್ನೆಸೋಟ ರಾಜ್ಯದಲ್ಲಿ 22,000 ಮೈಲಿಗೂ ಹೆಚ್ಚಿನ ಸ್ನೋಮೊಬೈಲ್ ದಾರಿಗಳು ಡಿಸೆಂಬರ್ 1ರ ಹೊತ್ತಿಗೆ ತೆರೆಯುತ್ತವೆ. ಇಲ್ಲಿಗೆ ಹೊಸದಾಗಿ ಬಂದ ನಮ್ಮವರು ಹೆಚ್ಚಾಗಿ ಕೊಳ್ಳುವುದು ಹಳೆಯ ಗಾಡಿಗಳನ್ನೇ ಆದ್ದರಿಂದ, ಅದಕ್ಕೂ ಮೊದಲೇ ಈ ಪತ್ರವನ್ನು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಶುಚಿಗೊಳಿಸಿದ ಮೇಲೂ ಮೊದಲ ನೂರು ಮೈಲಿ ಓಡಿಸಿದ ಬಳಿಕ ಪ್ಲಗ್ಗನ್ನು ಇನ್ನೊಮ್ಮೆ ಬಿಚ್ಚಿ ನೋಡಬೇಕು. ಆಗಲೂ ಚಕ್ಕೆ ಕಂಡರೆ ಮುಚ್ಚಳವನ್ನು ಮತ್ತೆ ತೆಗೆಯಲೇಬೇಕು.

– ಓರ್ವ ಓದುಗ, ಡುಲುತ್, ಮಿನ್ನೆಸೋಟ